ಮೂರು ಹುಣಸಿ ಬೀಜ

ಉಮರ್ಗಾದ ನಮ್ಮ ಭಾವನವರಿಗೆ, ಅಂದ್ರ ನನ್ನ ಅಕ್ಕನ ಗಂಡನಿಗೆ, ತಲಿ ಕೆಟ್ಟದ ಅಂತ ನಾ ಎಂದೂ ಹೇಳಿಲ್ಲ. ಹೇಳೋ ಗರಜಾದ್ರೂ ಏನದ? ಎಸ್.ಟಿ. ಬಸ್ ಸ್ಟ್ಯಾಂಡಿನಾಗ ಇಳಿದು ಮನಿ ಕೇಳಿದ್ರ ರಿಕ್ಷಾದವರೇ "ಬೀಜದ ಮಾಸ್ತರರ ಮನಿಯೇನ್ರೀ?" ಅಂತ ನಗ್ತಾರ.

ರಿಟೈರ್ ಆದ ಗಣಿತದ ಮಾಸ್ತರರು. ಪಡಸಾಲಿಯ ಚೌಕ ಚೌಕ ಫರಸಿ ಕಲ್ಲಿನ ಮ್ಯಾಲೆ ಹುಣಸಿ ಬೀಜ ಇಟ್ಟು ದಿನವಿಡೀ ಒಂದು ಗೇಮ್. ರೂಲ್ಸ್ ಸಿಂಪಲ್. ಸುತ್ತಲಿನ ಎಂಟು ಫರಸಿಯಾಗ ಎರಡೋ ಮೂರೋ ಬೀಜ ಇದ್ರ ನಡುವಿನದು ಬದುಕ್ತದ. ಕಡಿಮಿ ಆದ್ರ ಒಂಟಿತನಕ್ಕ ಸಾಯ್ತದ, ಹೆಚ್ಚಾದ್ರ ಗದ್ದಲಕ್ಕ ಸಾಯ್ತದ. ಖಾಲಿ ಫರಸಿಯ ಸುತ್ತ ಸರಿಯಾಗಿ ಮೂರಿದ್ರ ಅಲ್ಲೊಂದು ಹೊಸದು ಹುಟ್ತದ. ಹೀಂಗ ಒಂದು ಸರ್ತಿ ಎಲ್ಲಾ ಬದಲಾದ್ರ ಅದಕ್ಕ ಒಂದು 'ಜನರೇಶನ್' ಅಂತಾರ.

ಅವರ ಡಾರ್ಲಿಂಗ್ ಅಂದ್ರ ಸಾಲಾಗಿಟ್ಟ ಮೂರು ಬೀಜ. ಒಂದು ಸರ್ತಿ ಅಡ್ಡ, ಮುಂದಿನ ಸರ್ತಿ ಉದ್ದ, ಮತ್ತ ಅಡ್ಡ. ತುದಿಯ ಎರಡು ಸತ್ತು, ನಡುವಿನದರ ಹಿಂದೊಂದು ಮುಂದೊಂದು ಹುಟ್ತಾವ. ನಡುವಿನದು ಮಾತ್ರ ಅಲುಗಾಡಂಗಿಲ್ಲ.

"ಎಷ್ಟು ಆಡಿದ್ರೂ ಇವು ಎಲ್ಲಿಗೂ ಹೋಗಂಗಿಲ್ಲೇನ್ರೀ?" ಕಸಬರಿಗಿ ಹಿಡಕೊಂಡು ಅಕ್ಕ ಕೇಳ್ತಾಳ.

"ಇಲ್ಲ. ಅದೇ ಅದರ ಚೆಲುವು."

"ನಿಮ್ಮನ್ನ ಕಟ್ಟಿಕೊಂಡ ಮ್ಯಾಲೆ ಆ ಚೆಲುವು ನನಗೂ ಗೊತ್ತಾತು ಬಿಡ್ರಿ."

ಇಂಥಾ ಮನುಷ್ಯನಿಂದ ಕಂಡೋಲೆನ್ಸ್ ಹ್ಯಾಂಗ ಎಕ್ಸ್‌ಪೆಕ್ಟ್ ಮಾಡೂದು? ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡಾಗ ನಿಲಂಗಾದ ನಮ್ಮ ಮನಿಗೆ ಬಂದು, ಒಂದು ತಾಸು ನೆಲ ನೋಡ್ಕೋತ ಕೂತ್ರು. ಹೊರಡುವಾಗ ಅಂದದ್ದಿಷ್ಟು: "ನಿಮ್ಮ ಫರಸಿ ಚಲೋ ಅದಾವ." ಕಾನ್ವೆಂಟಿನ ಸಿಸ್ಟರ್ ಕಲಿಸಿದ ಮ್ಯಾನರ್ಸ್ ನೋಡ್ರಿ, ಅಂಥಾದ್ರಾಗೂ "ಥ್ಯಾಂಕ್ ಯೂ" ಅಂದೆ.

ಅಂದಿನಿಂದ ಎಲ್ಲಿ ಹೋದ್ರೂ ಗ್ವಾಡಿಗೆ ಹತ್ತಿದ ಕಡೀ ಕುರ್ಚಿ ನನ್ನದು. ಜೋಡಿ ಜೋಡಿ ಕೂತವರ ನಡುವ ಹೋಗಲಿಕ್ಕೆ ಕಾಲೇ ಏಳವಲ್ವು. ಅಕ್ಕ ಕರೆದು ಕರೆದು ಸೋತಳು.

ಉದಗೀರದ ಒಂದು ಮದುವಿಯ ಊಟದ ಪಂಗತಿಯ ತಮಾಷಾನೂ ಆ ಕುರ್ಚಿಯಿಂದಲೇ ನೋಡಿದ್ದು. ಭಾವನವರಿಗೆ ಶುಗರ್. ಒಂದೇ ಹೋಳಿಗಿ ಉಂಡು, ಕೈ ತೊಳಕೊಂಡು ಬಂದು ನೋಡ್ತಾರ, ಒಂದು ಎಲಿ ಖಾಲಿ, ಸುತ್ತ ಮೂವರು. ಸಟ್ಟನೆ ಕೂತೇಬಿಟ್ರು.

ಅಕ್ಕ ಓಡಿ ಬಂದಳು. "ಈಗರೆ ಉಂಡೀರಲ್ರೀ!"

"ಉಂಡಾಂವ ಹಿಂದಿನ ಜನರೇಶನ್. ನಾ ಇಲ್ಲಿ ಈಗ ಹುಟ್ಟೀನಿ. ತುಪ್ಪ ಹಾಕಸು."

ಮೊನ್ನೆ ಅವರ ಮಗಳ ಮದುವಿ. ಫ್ಯಾಮಿಲಿ ಫೋಟೋಕ್ಕ ಎಲ್ಲಾರೂ ಸ್ಟೇಜ್ ಹತ್ತಿದ್ರು. ನಾ ಗ್ವಾಡಿ ಬಿಡಲಿಲ್ಲ. ಭಾವ ಬಂದು, "ಏಳು, ಈ ಕುರ್ಚಿ ಬೇಕಾಗೇದ" ಅಂದ್ರು. ಎದ್ದೆ. ಅದನ್ನ ಒಯ್ದು ಸ್ಟೇಜಿನ ನಟ್ಟನಡುವ ಇಟ್ಟು, "ಹಾಂ, ಈಗ ಬಂದು ಕೂಡು" ಅಂದ್ರು. ಅಷ್ಟು ಮಂದಿ ಮುಂದ ಏನು ಮಾಡಲಿ? ಕೂತೆ.

ಆಚೀಚೆ ಅಕ್ಕ, ಭಾವ. ಕ್ಲಿಕ್. ಇಬ್ಬರೂ ಎದ್ದು, ಮಗಳನ್ನ ನನ್ನ ಹಿಂದ ನಿಲ್ಲಿಸಿ, ಅಳಿಯನ್ನ ಮುಂದ ಕೂಡಿಸಿದ್ರು. ಕ್ಲಿಕ್.

"ಮಾವಶಿ ಈಗ ಏಳಬೇಕೇನ್ರಿ?" ಫೋಟೋದಾಂವ ನನ್ನ ಕಡೆ ನೋಡಿ ಕೇಳಿದ.

"ಆಕಿ ಯಾಕ ಏಳ್ತಾಳ?" ಭಾವ ಗದರಿದ್ರು. "ಎರಡೂ ಸರ್ತಿ ಆಕಿ ಬಾಜೂಕ ಇಬ್ಬರು ಇದ್ದಾರ. ಲೆಕ್ಕ ಬರಂಗಿಲ್ಲೇನು ನಿನಗ?"

ನನಗ ಬರ್ತಿತ್ತು. ಸೆರಗಿನಿಂದ ಕಣ್ಣು ಒರಿಸಿಕೊಂಡೆ. ಅಷ್ಟರಾಗ ಅಕ್ಕ ಬಂದು ನನ್ನ ಎಡಕ್ಕ ಕೂತಳು. "ಸಾಕ್ರೀ, ಫೋಟೋ ಮುಗೀತು" ಅಂತ ಫೋಟೋದಾಂವ ಕ್ಯಾಮರಾ ಮುಚ್ಚಿದ ಮ್ಯಾಲೂ, ಭಾವ ನನ್ನ ಬಲಕ್ಕ ಕುರ್ಚಿ ಎಳಕೊಂಡು ಕೂತೇ ಇದ್ರು.