ಮುನ್ನೂರು ಪ್ರತಿಗೊಂದು ಮೊಹರು

ಕಂಪಲಾಪುರದ ಡ್ರಾಯಿಂಗ್ ಮೇಷ್ಟ್ರು ನಿಂಗರಾಜು, ಎರಡು ಸಾವಿರದ ನಾಲ್ಕನೇ ಇಸವಿಯ ಒಂದು ಭಾನುವಾರ, ಜಗತ್ತಿನ ಆಟಗಳ ಇತಿಹಾಸದಲ್ಲಿ ತಮ್ಮೂರಿನ ಹೆಸರು ಕೆತ್ತಿಸಿಯೇ ತೀರುವುದಾಗಿ ಶಪಥ ಮಾಡಿದರು. ಕೇಳಿಸಿಕೊಂಡವರು ಹೆಂಡತಿ ರಾಧಾ ಒಬ್ಬರೇ. ಅವರು ಅವರೆಕಾಯಿ ಸುಲಿಯುತ್ತಿದ್ದರು.

ಆಟದ ಹೆಸರು 'ಕಾಡಂಚು'. ಮೇಜಿನ ಸುತ್ತ ಕೂತು ಒಬ್ಬ ಕಥೆ ಹೇಳುತ್ತಾನೆ. ಉಳಿದವರು ರೈತ, ಗಾರ್ಡು, ಬೇಟೆಗಾರ ಎಂದು ಒಂದೊಂದು ಪಾತ್ರ ಹಿಡಿದು ದಾಳ ಉರುಳಿಸುತ್ತಾರೆ. ಆನೆ ಹೊಲಕ್ಕೆ ನುಗ್ಗುತ್ತದೋ ಇಲ್ಲವೋ ಎಂಬುದು ಬಿದ್ದ ಗರದ ಮೇಲೆ ತೀರ್ಮಾನ. ಕಥೆ, ಪಾತ್ರ, ಚಿತ್ರ ಎಲ್ಲ ಮೇಷ್ಟ್ರದೇ. ದಾಳದ ನಿಯಮ ಮಾತ್ರ ಹೊರದೇಶದ ಯಾವುದೋ ಕಂಪನಿಯದು. ಅವರು ಅದನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಬಿಟ್ಟಿದ್ದರು, ಜೊತೆಗೊಂದು ಲೈಸೆನ್ಸು ಕೊಟ್ಟು: ಯಾರು ಬೇಕಾದರೂ ಬಳಸಿ, ಅಚ್ಚು ಹಾಕಿ, ಮಾರಿ; ಆದರೆ ಈ ಲೈಸೆನ್ಸನ್ನು ಪೂರ್ತಿ ಸೇರಿಸಿ, ನಿಮ್ಮ ಪುಸ್ತಕದಲ್ಲಿ ಯಾವುದನ್ನು ಬೇರೆಯವರು ಬಳಸಬಹುದು, ಯಾವುದನ್ನು ಮುಟ್ಟಬಾರದು ಎಂದು ಬರೆಯಿರಿ. ಮೇಷ್ಟ್ರು ಇಷ್ಟನ್ನು ಓದಿದರು. ಉಳಿದ ಇಂಗ್ಲಿಷಿನ ಗೋಜಿಗೆ ಹೋಗಲಿಲ್ಲ.

"ಕಥೆ, ಪಾತ್ರ, ಚಿತ್ರ ಯಾರೂ ಮುಟ್ಟಂಗಿಲ್ಲ ಅಂತ ಬರ್ದ್ಬುಡಿ," ಎಂದರು ರಾಧಾ.

"ಸುಮ್ನಿರೇ. ಊರಿಗೆಲ್ಲ ಊಟಕ್ಕೆ ಕರ್ದು, ಪಾಯ್ಸ ಮಾತ್ರ ನಮಗಿರ್ಲಿ ಅನ್ನಕ್ಕಾಯ್ತದಾ? ಅದೇನ್ ಮರ್ವಾದೆ?"

ಹಾಗೆಂದವರೇ ಲಗ್ನಪತ್ರಿಕೆಯ ಧಾಟಿಯಲ್ಲಿ ಬರೆದರು: 'ರಟ್ಟಿನಿಂದ ರಟ್ಟಿನವರೆಗೆ ಈ ಪುಸ್ತಕದಲ್ಲಿರುವ ಸಕಲವನ್ನೂ ತಾವೆಲ್ಲರೂ ಬಂಧುಮಿತ್ರರೊಡನೆ ಬಳಸಿ ನಮ್ಮನ್ನು ಹರಸಬೇಕು.' ಪಿರಿಯಾಪಟ್ಟಣದ ಪ್ರೆಸ್ಸಿನಲ್ಲಿ ಮುನ್ನೂರು ಪ್ರತಿ ಅಚ್ಚಾದವು. ಹತ್ತೊಂಬತ್ತು ಮಾರಾಟವಾದವು.

ಮೂರನೇ ತಿಂಗಳಿಗೆ ಹುಣಸೂರಿನ ಜೆರಾಕ್ಸ್ ಅಂಗಡಿ ಮಾದೇಶ 'ಹೊಸ ಕಾಡಂಚು' ಹೊರತಂದ. ಅವನು ಮೇಷ್ಟ್ರ ಹಳೇ ಶಿಷ್ಯ. ಅದೇ ಕಥೆ, ಅದೇ ಪಾತ್ರಗಳು, ಅದೇ ಮುರಿದ ದಂತದ ಆನೆ. ಸಾಲದ್ದಕ್ಕೆ ಅದು ಮಾರಾಟವೂ ಆಗುತ್ತಿತ್ತು.

ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. "ಕೈ ಹಿಡ್ದು ಆನೆ ಬರ್ಯದ ಕಲ್ಸಿದ್ದೇ ನಾನು ಕಣೇ. ಈಗ ನನ್ನಾನೆನೇ ಹೊಡ್ಕೊಂಡೋಗವ್ನೆ, ಕಚಡಾ ನನ್ಮಗ!"

"ಕರ್ದೋರು ನೀವಲ್ವಾ?" ಎಂದರು ರಾಧಾ.

ಇಂಥ ಮಾತು ಸಿಟ್ಟಿಗೆ ಎಂದಾದರೂ ಮದ್ದಾದೀತೆ? ಮೇಷ್ಟ್ರು ಅಂದೇ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದರು: 'ಎಲ್ಲ ಹಕ್ಕುಗಳನ್ನೂ ಕಾದಿರಿಸಲಾಗಿದೆ. ಒಂದು ಗೆರೆ ನಕಲು ಮಾಡಿದರೂ ಕೋರ್ಟಿಗೆ ಎಳೆಯಲಾಗುವುದು.' ಜಗಲಿಯ ಮೇಲೆ ಕೂತು ಇನ್ನೂರ ಎಂಬತ್ತೊಂದು ಪ್ರತಿಗಳ ರಟ್ಟಿಗೂ ಪ್ರತಿ ಪುಟಕ್ಕೂ ಹಲ್ಲು ಕಚ್ಚಿ ಗುದ್ದಿದರು. ನೇರಳೆ ಮಸಿ ಪಂಚೆಗೂ ಹತ್ತಿತು, ಮೂಗಿಗೂ ಹತ್ತಿತು. ಆ ಪ್ರತಿಗಳನ್ನು ಕೊಪ್ಪದ, ಪಿರಿಯಾಪಟ್ಟಣದ ಅಂಗಡಿಗಳಿಗೆಲ್ಲ ಹಂಚಿ, ಒಂದನ್ನು ಕಂಕುಳಲ್ಲಿಟ್ಟುಕೊಂಡು ಹುಣಸೂರಿನ ಬಸ್ಸು ಹತ್ತಿದರು. ಹೊಡೆದಾಟವಾದರೆ ಬಿಡಿಸುವುದಕ್ಕೆ ಬೇಕಲ್ಲ ಎಂದು ರಾಧಾ ಹಿಂದೆಯೇ ಹತ್ತಿದರು.

"ಬನ್ನಿ ಮೇಷ್ಟ್ರೇ, ಕೂತ್ಕಳಿ," ಎಂದು ಮಾದೇಶ ಕುರ್ಚಿ ಬಿಟ್ಟುಕೊಟ್ಟ.

"ಕೂರಕ್ ಬಂದಿಲ್ಲ ಕಣ್ಲಾ ಕಳ್ಳ."

"ಬಂಧುಮಿತ್ರರೊಡನೆ ಬಳಸಿ ಅಂತ ನೀವೇ ಬರ್ದಿದ್ರಿ. ಬಳುಸ್ದೆ. ನಿಮ್ಮೆಸ್ರು ಆಕಿವ್ನಿ, ಲೈಸೆನ್ಸೂ ಪೂರ್ತಿ ಆಕಿವ್ನಿ. ನೋಡಿ."

ಮೇಷ್ಟ್ರು ನೋಡಲಿಲ್ಲ. ಮೊಹರು ಬಿದ್ದ ಪ್ರತಿಯನ್ನು ಜೆರಾಕ್ಸ್ ಮೆಷಿನ್ನಿನ ಮೇಲೆ ಕುಕ್ಕಿದರು. "ಇದ್ನ ಓದ್ಲಾ ಮೊದ್ಲು."

ಮಾದೇಶ ಓದಿದ. ಅವನ ಮುಖ ಸಣ್ಣಗಾಯಿತು. "ಅಯ್ಯೋ, ಇದೇನ್ ಮಾಡ್ಕಂಡ್ರಿ ಮೇಷ್ಟ್ರೇ? ಇವನ್ನ ಅಂಗಡಿಗೆ ಕೊಟ್ಟ್ಬುಟ್ರಾ?"

"ಎಲ್ಲಾ ಅಂಗ್ಡಿಗೂ ಕೊಟ್ಟಿವ್ನಿ."

ಮಾದೇಶ ಪುಸ್ತಕದ ಕೊನೆಗೆ ಹೋಗಿ, ಅಲ್ಲಿ ಅಚ್ಚಾಗಿದ್ದ ಲೈಸೆನ್ಸಿನಲ್ಲಿ ಮೇಷ್ಟ್ರು ಓದದೆ ಬಿಟ್ಟಿದ್ದ ಇಂಗ್ಲಿಷಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಬಿಡಿಸಿ ಹೇಳಿದ. ಒಮ್ಮೆ ಮುಕ್ತವಾಗಿ ಬಿಟ್ಟಿದ್ದರ ಮೇಲೆ ಹೊಸ ಷರತ್ತು ಹೇರುವಂತಿಲ್ಲ. ಹೇರಿದರೆ ಅದು ತಪ್ಪು. ತಪ್ಪು ಗೊತ್ತಾದ ಮೂವತ್ತು ದಿನದೊಳಗೆ ಸರಿಪಡಿಸಬೇಕು. ಇಲ್ಲವಾದರೆ ಲೈಸೆನ್ಸು ರದ್ದು. ಆ ದಾಳದ ನಿಯಮ ಇಟ್ಟುಕೊಂಡು ಮೇಷ್ಟ್ರು 'ಕಾಡಂಚು' ಮಾರುವಂತಿಲ್ಲ.

"ಯಾವತ್ತಿಂದ ಮೂವತ್ತು ದಿನ?" ರಾಧಾ ಕೇಳಿದರು.

"ಗೊತ್ತಾದ್ ದಿನದಿಂದ, ಅಕ್ಕಾವ್ರೇ. ಈಗ ನಾನೇ ಏಳ್ಬುಟ್ಟೆ."

ಇನ್ನೂರ ಎಂಬತ್ತೊಂದು ಪ್ರತಿ, ನಲವತ್ತೆಂಟು ಪುಟ. ಮೇಷ್ಟ್ರು ಮನಸ್ಸಿನಲ್ಲೇ ಗುಣಿಸಲು ಹೋಗಿ ಅರ್ಧಕ್ಕೆ ಬಿಟ್ಟರು. ಕುರ್ಚಿಯಲ್ಲಿ ಕೂತರು. ಆದರೂ ಹೊಟ್ಟೆಯುರಿ ಬಿಡಲಿಲ್ಲ.

"ನನ್ ಲೈಸೆನ್ಸು ರದ್ದಾದ್ರೆ ನಿಂದೂ ರದ್ದಾಯ್ತದೆ ತಾನೇ?"

"ಇಲ್ಲ ಮೇಷ್ಟ್ರೇ. ನಿಮ್ಮಿಂದ ತಗಂಡೋರ್ದು ಅಂಗೇ ಉಳೀತದೆ. ಇಲ್ಲೇ ಬರ್ದದೆ."

"ಅಂಗಾರೆ ನನ್ ಕಾಡಂಚು ಮಾರಕ್ಕೆ ಯಾರಿಗ್ಲಾ ಹಕ್ಕಿರದು?"

ಮಾದೇಶ ಹೇಳಲೋ ಬೇಡವೋ ಎಂದು ರಾಧಾ ಕಡೆ ನೋಡಿ, ತಲೆ ತಗ್ಗಿಸಿ ಹೇಳಿದ:

"ಪ್ರಪಂಚಕ್ಕೆಲ್ಲ ಇರ್ತದೆ ಮೇಷ್ಟ್ರೇ. ನಿಮಗೊಬ್ರಿಗೆ ಇರಕಿಲ್ಲ."