ಫಿರಂಗಿಗೆ ಹಚ್ಚಿದ ವಿಭೂತಿ

ಪ್ರವಾಸ ಹೋದಾಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಗಂಡಸರಿಗೆ ಯಾಕೆ ಅಷ್ಟು ಕಷ್ಟವೋ ಕಾಣೆ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ನಲವತ್ತು ವರ್ಷ ಸೀರೆ ಬಿಚ್ಚಿ ತೋರಿಸಿದವನಿಗೆ ಸುಮ್ಮನಿರುವ ಅಭ್ಯಾಸ ಎಲ್ಲಿಂದ ಬರಬೇಕು? ಕೆಲಸ ಬಿಟ್ಟ ಮೇಲೆ ಕರಾವಳಿಯ ಕೋಟೆಗಳ ಹುಚ್ಚು ಹತ್ತಿತು. ಹೆಂಡತಿ ಗಿರಿಜಾಳಿಗೆ ಸಮುದ್ರದಲ್ಲಿ ಕಾಲು ನೆನೆಸುವ ಆಸೆ. ನಾನು ಅವಳನ್ನು ಬಿಸಿಲಲ್ಲಿ ಬುರುಜಿನಿಂದ ಬುರುಜಿಗೆ ನಡೆಸಿ, ಯಾವ ಫಿರಂಗಿ ಯಾವ ಹಡಗು ಮುಳುಗಿಸಿತೆಂದು ಕಣ್ಣಾರೆ ಕಂಡವನಂತೆ ಹೇಳುತ್ತಿದ್ದೆ.

ಕಳೆದ ವರ್ಷ ಕುಮಟಾ ಕಡೆಯ ಒಂದು ಪಾಳು ಕೋಟೆಗೆ ಹೋದೆವು. ಅಲ್ಲಿನ ಬುರುಜಿನ ಮೇಲೆ ಮೊಣಕಾಲೆತ್ತರದ ಕಪ್ಪನೆಯದೊಂದು ನೆಟ್ಟಗೆ ನಿಂತಿತ್ತು. ತಲೆ ದುಂಡಗೆ. "ಇದೇನ್ರೀ?" ಎಂದಳು. ಮಲಗಿದ ಫಿರಂಗಿಗಳನ್ನಷ್ಟೇ ಕಂಡಿದ್ದ ನಾನು, "ಲಿಂಗ ಕಣೇ. ಸೈನಿಕರು ಗುಂಡು ಹಾರ್ಸೋಕ್ ಮುಂಚೆ ಪೂಜೆ ಮಾಡ್ತಿದ್ರು," ಎಂದೆ. ಅವಳ ಕೈಚೀಲದಲ್ಲಿ ವಿಭೂತಿ ಗಟ್ಟಿ ಸದಾ ಇರುತ್ತದೆ. ತೆಗೆದು ಮೂರು ಬೆರಳು ಎಳೆದಳು, ಅಡ್ಡಬಿದ್ದಳು. ಅವಳು ಅತ್ತ ಸಮುದ್ರ ನೋಡಲು ಹೋದಾಗ ಕೋಟೆಯ ಕಾವಲುಗಾರ ನನ್ನ ಬಳಿ ಬಂದು, "ಅಜ್ಜಾರೇ, ಅದು ಫಿರಂಗಿ. ಬಾಯಿ ಕೆಳಗೆ ಮಾಡಿ ಹುಗಿದದ್ದು," ಎಂದ. "ಮೆತ್ತಗೆ ಮಾತಾಡಪ್ಪ," ಎಂದೆ.

ಊರಿಗೆ ಬಂದವಳು ಸರಸ್ವತಿ ನಗರದ ನಮ್ಮ ಓಣಿಗೆಲ್ಲ ಸಮುದ್ರದಂಡೆಯ ಲಿಂಗದ ಮಹಿಮೆ ಹೇಳಿದಳು. ಈ ಕಾರ್ತಿಕಕ್ಕೆ ಎಂಟು ಹೆಂಗಸರು ಸೇರಿ ವ್ಯಾನು ಗೊತ್ತು ಮಾಡಿದರು. ಹರಿಹರದಲ್ಲಿ ಅವಳ ತಂಗಿ ನೀಲಮ್ಮನೂ ಹತ್ತುವವಳಿದ್ದಳು. ಅಷ್ಟು ಜನರೆದುರು ಆ ಕಾವಲುಗಾರ ಬಾಯಿಬಿಟ್ಟರೆ ಮಾನ ಹೋಗುವುದು ನನ್ನದಲ್ಲ, ಅವಳದು. ಹೊರಡುವ ಹಿಂದಿನ ಸಂಜೆ, ಅವಳು ಹೂ ಕಟ್ಟುತ್ತಿದ್ದಾಗ, ಎಲ್ಲ ಒಪ್ಪಿಕೊಂಡೆ.

ಕೈಯೊಳಗಿನ ದಾರ ಹಾಗೇ ನಿಂತಿತು. "ವರ್ಷಪೂರ್ತಿ ಸುಮ್ನಿದ್ರೇನ್ರೀ? ಈಗ ಅವರಿಗೆಲ್ಲ ನಾನು ಹೆಂಗೆ ಮುಖ ತೋರ್ಸ್ಲಿ?"

"ನಾನೇ ಹೇಳ್ತೀನಿ."

"ಅಲ್ಲೇ ಹೇಳ್ರಿ, ಎಲ್ಲಾರ ಮುಂದೆ."

ಮರುದಿನ ವ್ಯಾನಿನಲ್ಲಿ ಅವಳು ನನ್ನನ್ನು ಹಿಂದಿನ ಸೀಟಿಗೆ ಕಳಿಸಿ ನೀಲಮ್ಮನ ಪಕ್ಕ ಕೂತಳು. ಬುರುಜಿನ ಮೇಲೆ ಹೆಂಗಸರು ತೆಂಗಿನಕಾಯಿ ತೆಗೆಯುವಷ್ಟರಲ್ಲಿ ನಾನು ಗಂಟಲು ಸರಿಮಾಡಿಕೊಂಡು, "ತಾಯಂದಿರಾ, ಇದು ಲಿಂಗ ಅಲ್ಲ, ಫಿರಂಗಿ. ನಾನು ಸುಳ್ಳು ಹೇಳಿದ್ದೆ," ಎಂದೆ.

ನೀಲಮ್ಮ ತಿರುಗಿಯೂ ನೋಡಲಿಲ್ಲ. "ಭಾವಾ, ಪೂಜೆ ಹೊತ್ನಾಗೆ ನಿಮ್ಮ ಕತೆ ಬ್ಯಾಡ. ಸುಮ್ನೆ ಅತ್ಲಾಗ್ ಕೂಡ್ರಿ."

"ಯಜಮಾನ್ರಿಗೆ ದೇವ್ರೂ ಫಿರಂಗಿ ಹಂಗೇ ಕಾಣ್ತೈತೆ ನೋಡ್ರಿ!" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಸಾಕ್ಷಿಗೆ ಕಾವಲುಗಾರನ ಕಡೆ ನೋಡಿದೆ. ಅವನ ಬಾಯಲ್ಲಿ ಅವರೇ ಕೊಟ್ಟ ಬಾಳೆಹಣ್ಣಿತ್ತು. ಕೋಟೆಗಳ ಬಗ್ಗೆ ನಾನಾಡಿದ ಮೊದಲ ನಿಜಕ್ಕೆ ಒಬ್ಬ ಗಿರಾಕಿಯೂ ಇರಲಿಲ್ಲ.

ಗಿರಿಜಾ ಈ ಸಲವೂ ಅದಕ್ಕೆ ವಿಭೂತಿ ಎಳೆದು ನನ್ನ ಪಕ್ಕಕ್ಕೆ ಬಂದಳು. "ಹೇಳಿದ್ರಲ್ಲ, ಸಾಕು ಬಿಡ್ರಿ," ಎಂದಳು ಮೆಲ್ಲಗೆ. "ಅದು ಬಾಯಿ ಮಣ್ಣಾಗ ಇಟ್ಟು ಸುಮ್ನೆ ನಿಂತೈತಲ್ಲ, ಅದಕ್ಕೇ ದೇವ್ರಾತು. ನೀವೂ ಒಂದೀಟು ಹಂಗೇ ನಿಂದ್ರಿ ನೋಡಾಣ."

ನಿಂತೆ. ಫಿರಂಗಿಗೆ ಎಳೆದ ಕೈಯಲ್ಲೇ ನನ್ನ ಹಣೆಗೂ ಮೂರು ಬೆರಳು ಎಳೆದಳು.