ಸಂತನ ಪಲ್ಲಕ್ಕಿಯಲ್ಲಿ ಸಾತುರ್ನಿನೊ

ತೊಂದರೆ ಶುರುವಾದದ್ದು ಹಿಮ್ಮಡಿಯ ಒಂದು ಹುಣ್ಣಿನಿಂದ. ಮೊದಲು ಬೇಳೆಕಾಳಿನಷ್ಟಿತ್ತು, ಮೂರು ವಾರದಲ್ಲಿ ಕಪ್ಪಾಗಿ ಆಲಿವ್ ಕಾಯಿಯಷ್ಟಾಯಿತು. ಲಾರಿ ಉರುಳಿದಂದಿನಿಂದ ಸಾತುರ್ನಿನೊನ ಕಾಲುಗಳು ಮರದ ತುಂಡುಗಳಂತಿದ್ದವು. ಹಾಗೆಂದು ಕತ್ತರಿಸಿಕೊಳ್ಳಲು ಮನಸ್ಸಿರಲಿಲ್ಲ. ನಡೆಯದಿದ್ದರೂ ಕಾಲು ತನ್ನದೇ.

ಆರೋಗ್ಯ ಕೇಂದ್ರ ಗುಡ್ಡದ ಬುಡದಲ್ಲಿತ್ತು, ಅವನ ಮನೆ ಇನ್ನೂರ ಹದಿನಾಲ್ಕು ಮೆಟ್ಟಿಲು ಮೇಲೆ. ಪುರಸಭೆ ಕೊಟ್ಟ ಗಾಲಿಕುರ್ಚಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಡಾಕ್ಟರು ಮನೆಗೇ ಹೋಗಿ ನೋಡಬೇಕಾದವರ ಪಟ್ಟಿಯಲ್ಲಿ ನರ್ಸ್ ಅವನ ಹೆಸರು ಬರೆದುಕೊಂಡು ಎರಡು ವಾರವಾಗಿತ್ತು.

"ಇನ್ನೊಂದೆರಡು ದಿನ ಕಾಯೋಣ," ಎಂದ ಸಾತುರ್ನಿನೊ.

"ಕಾಯ್ತಾ ಕೂತ್ರೆ ಹುಣ್ಣು ಮೊಣಕಾಲಿಗೆ ಬರುತ್ತೆ," ಎಂದಳು ಪಕ್ಕದ ಮನೆಯ ಪೆರ್ಪೆತುವಾ. "ನಮ್ಮ ಮೆಟ್ಲು ಹತ್ತಿ ಬಂದ ಡಾಕ್ಟ್ರನ್ನ ನೀನು ಯಾವತ್ತಾದ್ರೂ ನೋಡಿದೀಯಾ? ಇವತ್ತು ನಾವೇ ಇಳಿಸ್ತೀವಿ."

ಇಳಿಸುವ ದಾರಿಯನ್ನೂ ಅವಳೇ ಕಂಡುಹಿಡಿದಳು. ಚರ್ಚಿನಿಂದ ಸಂತನ ಮೂರ್ತಿಯ ಪಲ್ಲಕ್ಕಿ ಬಂತು, ಅದರ ಜೊತೆ ಹೊರುವವರ ಮುಖಂಡ ಎವಾರಿಸ್ತೊ ಎಂಟು ಜನರೊಂದಿಗೆ ಬಂದ. ಹೂವಿನ ಕಮಾನಿನ ಕೆಳಗೆ ಸಾತುರ್ನಿನೊನನ್ನು ಕೂರಿಸಿ, ಹಗ್ಗದಿಂದ ಬಿಗಿದರು.

"ನೆಟ್ಟಗೆ ಕೂತ್ಕೊ ಮಾಮ," ಎಂದ ಎವಾರಿಸ್ತೊ. "ಸಂತ ಹೀಗೆ ಒದ್ದಾಡಲ್ಲ."

"ಸಂತನಿಗೆ ತಲೆ ಸುತ್ತಲ್ಲಪ್ಪ."

ಹೊರುವವರಿಗೆ ನಡೆಯಲು ಒಂದೇ ರೀತಿ ಗೊತ್ತಿತ್ತು: ಎರಡು ಹೆಜ್ಜೆ ಮುಂದೆ, ಒಂದು ತೂಗು, ಮೇಣದಬತ್ತಿ ಹಚ್ಚಿದ ಪ್ರತಿ ಮನೆಯ ಮುಂದೆ ನಿಂತು ಬಾಗುವುದು. ಪಲ್ಲಕ್ಕಿ ಕಂಡದ್ದೇ ಮುದುಕಿಯರು ಮನೆಮನೆಯಲ್ಲೂ ಬತ್ತಿ ಹಚ್ಚಿದರು. ಎಲ್ಲಿಂದಲೋ ಒಂದು ತುತ್ತೂರಿಯೂ ಸೇರಿಕೊಂಡಿತು.

"ಹನ್ನೆರಡಕ್ಕೆ ಬಾಗ್ಲು ಹಾಕ್ತಾರೆ ಕಣ್ರೋ," ಎಂದು ಸಾತುರ್ನಿನೊ ಗೋಗರೆದ.

"ಬಾಗದೆ ದಾಟಿದ್ರೆ ಆ ಮನೆಯವ್ರು ವರ್ಷವಿಡೀ ಮಾತಾಡಲ್ಲ," ಎಂದ ಎವಾರಿಸ್ತೊ.

ಮೂರನೆಯ ತಿರುವಿನಲ್ಲಿ ಕನ್ನಡಕದ ಹುಡುಗನೊಬ್ಬ ಏದುಸಿರು ಬಿಡುತ್ತ ಎದುರು ಬಂದ. ಕೈಯಲ್ಲಿ ಕೆಂಪು ಚೀಲವಿತ್ತು. ಊರಿನ ರೂಢಿಯಂತೆ, ಪಲ್ಲಕ್ಕಿಗೆ ಎದುರಾದವನು ಒಂದು ತಿರುವಿನವರೆಗಾದರೂ ಹೊರಲೇಬೇಕು.

"ಮೇಲೆ ಅರ್ಜೆಂಟ್ ಕೆಲ್ಸ ಇದೆ," ಎಂದ ಹುಡುಗ.

"ಇದಕ್ಕಿಂತ ಅರ್ಜೆಂಟಾ? ಹೆಗಲು ಕೊಡು. ಹೊರೋವಾಗ ಬಾಯಿ ಮುಚ್ಚಿರ್ಬೇಕು," ಎಂದಳು ಪೆರ್ಪೆತುವಾ.

ಹುಡುಗ ಬಾಯಿ ಮುಚ್ಚಿ ಹೊತ್ತ. ಆ ಒಂದು ತಿರುವು ಮಾತ್ರ ಪಲ್ಲಕ್ಕಿ ಅಲುಗಲಿಲ್ಲ. ಆಮೇಲೆ ಅವನು ಹೆಗಲು ಉಜ್ಜಿಕೊಳ್ಳುತ್ತ ಮತ್ತೆ ಮೆಟ್ಟಿಲು ಹತ್ತಿದ.

"ಒಳ್ಳೆ ಹುಡುಗ," ಎಂದ ಸಾತುರ್ನಿನೊ.

ಆರೋಗ್ಯ ಕೇಂದ್ರ ತಲುಪಿದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ನರ್ಸ್ ಪಲ್ಲಕ್ಕಿ ಕಂಡು ಶಿಲುಬೆಯ ಗುರುತು ಮಾಡಿಕೊಂಡಳು, ಆಮೇಲೆ ಅದರಲ್ಲಿ ಕೂತವನ ಮುಖ ನೋಡಿದಳು.

"ಸಾತುರ್ನಿನೊ ಅವ್ರೇ, ನೀವಿಲ್ಲಿ? ಡಾಕ್ಟ್ರು ನಿಮ್ಮನ್ನೇ ನೋಡೋಕೆ ಮೇಲೆ ಹತ್ತಿದ್ರಲ್ಲ. ಸೋಮವಾರ ಬಂದ ಹೊಸಬರು."

ತುತ್ತೂರಿಯವನು ತುತ್ತೂರಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಈಗ ತಾನೆ ಅಲ್ಲಿಂದ ಫೋನ್ ಮಾಡಿದ್ರು," ಎಂದು ನರ್ಸ್ ಪಟ್ಟಿ ತೆಗೆದು, ಅವರು ಹೇಳಿ ಬರೆಸಿದ್ದನ್ನು ಓದಿದಳು: "'ರೋಗಿ ಮನೆಯಲ್ಲಿಲ್ಲ, ಮೆರವಣಿಗೆಗೆ ಹೋಗಿದ್ದಾರೆಂದು ಅಕ್ಕಪಕ್ಕದವರು ತಿಳಿಸಿದರು. ಓಡಾಡುತ್ತಿರುವುದರಿಂದ ಮನೆ ಭೇಟಿ ಅಗತ್ಯವಿಲ್ಲ.' ಅಲ್ಲಿಂದಲೇ ಆಚೆ ಕಣಿವೆಗೆ ಇಳಿದ್ರು. ಇನ್ನು ಇಲ್ಲಿಗೆ ಬರೋದು ಗುರುವಾರ."

"ಹುಣ್ಣು?" ಎಂದ ಸಾತುರ್ನಿನೊ.

"ಬ್ಯಾಂಡೇಜ್ ನಾನು ಬದಲಿಸ್ತೀನಿ. ಕಾಲಿನ ವಿಷಯ ಅವ್ರೇ ಹೇಳ್ಬೇಕು. ಪಟ್ಟೀಲಿ ಮತ್ತೆ ಬರ್ಕೊಳ್ತೀನಿ, ಕೊನೇಲಿ." ಅವಳು ಪೆನ್ನು ಹುಡುಕುತ್ತ ಬೈದಳು: "ಇಷ್ಟು ಚಿಕ್ಕ ಗುಡ್ಡ, ಇಲ್ಲಿಂದ ಮೇಲಕ್ಕಿರೋದು ಒಂದೇ ದಾರಿ. ಕನ್ನಡಕ, ಕೆಂಪು ಚೀಲ. ಎದುರಿಗೆ ಸಿಗ್ಲೇ ಇಲ್ವಾ ಅವ್ರು?"

ಪೆರ್ಪೆತುವಾ ತನ್ನ ಶಾಲನ್ನು ತುಂಬ ಗಮನವಿಟ್ಟು ಮಡಿಸತೊಡಗಿದಳು.

"ಸಿಕ್ಕಿದ್ರಮ್ಮ," ಎಂದ ಸಾತುರ್ನಿನೊ ಪಲ್ಲಕ್ಕಿಯ ಮೇಲಿಂದ. "ಚೆನ್ನಾಗಿ ಹೊತ್ರು."